ಚಾರ್ಮಾಡಿ ಕಳಿಸುತ್ತಿದ್ದೇನೆ, ನೋಡು

ಪ್ರೀತಿಯ ಗೆಳೆಯ,

ದುಬೈಯಿಂದ ನೀನು ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ ಮಾತು. "ಚಾರ್ಮಾಡಿ ಹೇಗಿದೆ ಮಾರಾಯ?" ಮಳೆ ಬಿಟ್ಟಿದೆ, ಮಂಜು ಬಿದ್ದಿದೆ ಅಂತ ಎಷ್ಟು ಸಲ ಹೇಳಲಿ? ಬಾಯಲ್ಲಿ ಹೇಳಿ ಮುಗಿಯುವ ಘಾಟಿಯಲ್ಲ ಅದು. ಅದಕ್ಕೇ ಒಂದು ಸಣ್ಣ ಕ್ಯಾಮೆರಾ ತಂದೆ. ಮೂರು ಭಾನುವಾರ ಅದನ್ನು ಕಟ್ಟಿಕೊಂಡು ಬೈಕಿನಲ್ಲಿ ಮೂಡಿಗೆರೆಯಿಂದ ಕೊಟ್ಟಿಗೆಹಾರ, ಅಲ್ಲಿಂದ ಘಾಟಿ ಇಳಿದು ನಿಮ್ಮ ಉಜಿರೆವರೆಗೆ ಹೋಗಿ ಬಂದೆ.

ಕ್ಯಾಮೆರಾ ಎರಡು ತುಂಡಿನದ್ದು. ಲೆನ್ಸ್ ಇರುವ ಭಾಗ ಹೆಬ್ಬೆರಳಿನಷ್ಟು. ಅದಕ್ಕೊಂದು ಉದ್ದನೆಯ ವೈರು, ವೈರಿನ ತುದಿಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ರೆಕಾರ್ಡರ್. ಅದು ಜಾಕೆಟ್ಟಿನ ಒಂದು ಜೇಬಿಗೆ, ಪವರ್ ಬ್ಯಾಂಕ್ ಇನ್ನೊಂದು ಜೇಬಿಗೆ. ಫೋನನ್ನೇ ಹ್ಯಾಂಡಲ್‌ಗೆ ಸಿಕ್ಕಿಸಿದ್ದರೆ ಆಗುತ್ತಿತ್ತಲ್ವಾ ಅಂತ ನೀನು ಕೇಳುತ್ತೀಯ, ಗೊತ್ತು. ಬೇಡ. ಬೈಕ್ ಎಂಜಿನ್ನಿನ ನಡುಕಕ್ಕೆ ಫೋನಿನ ಕ್ಯಾಮೆರಾ ಕೆಡಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಚಿತ್ರ ಅಲುಗದ ಹಾಗೆ ಲೆನ್ಸನ್ನು ಹಿಡಿದಿಡುವ ನಾಜೂಕಾದ ಭಾಗಗಳಿಗೆ ಆ ನಡುಕ ಒಳ್ಳೆಯದಲ್ಲ.

ಮೊದಲ ಭಾನುವಾರ ಕ್ಯಾಮೆರಾವನ್ನು ಕನ್ನಡಿಯ ಕಂಬಿಗೆ ಕಟ್ಟಿದೆ. ಮನೆಗೆ ಬಂದು ನೋಡಿದರೆ ರಸ್ತೆಯೆಲ್ಲ ನೀರಿನೊಳಗೆ ಇದ್ದ ಹಾಗಿದೆ. ಕರೆಂಟ್ ಕಂಬಗಳು ಹಾವಿನ ಹಾಗೆ ಬಳುಕುತ್ತಿವೆ. ಇಂಥ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಏಟಿಗೆ ತೆಗೆಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತಾ ಬರುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಅಲುಗಿದರೆ ನೆಟ್ಟಗಿನ ಗೆರೆಯೂ ಸೊಟ್ಟ. ನಮ್ಮದು ಒಂದೇ ಸಿಲಿಂಡರಿನ ಗಾಡಿ. 3000 ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು, ಸೆಕೆಂಡಿಗೆ 50. ಕ್ಯಾಮೆರಾ ತೆಗೆಯುವುದು ಸೆಕೆಂಡಿಗೆ 30 ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎಂಜಿನ್ ಒಂದೂವರೆ ಸಲಕ್ಕಿಂತ ಹೆಚ್ಚು ನಡುಗಿರುತ್ತದೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕಂಬಿಗೂ ಕ್ಲಾಂಪಿಗೂ ನಡುವೆ ಸುತ್ತಿದೆ. ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ.

ಹೆಲ್ಮೆಟ್ಟಿಗೆ ಅಂಟಿಸಿ ಒಂದು ದಿನ ಓಡಿಸಿದೆ. ನಡುಕ ಇಲ್ಲ. ಆದರೆ ನಾನು ಕನ್ನಡಿ ನೋಡಿದರೆ ಕಾಡೂ ತಿರುಗುತ್ತದೆ, ನೋಡುವವರಿಗೆ ತಲೆ ಸುತ್ತು. ಬಿದ್ದಾಗ ತಲೆ ಕಾಯಬೇಕಾದ ಹೆಲ್ಮೆಟ್ಟಿನ ಮೇಲೆ ಗಟ್ಟಿ ವಸ್ತು ಅಂಟಿಸುವುದೂ ನನಗೆ ಸರಿ ಕಾಣಲಿಲ್ಲ. ಅದು ಅಲ್ಲಿಗೇ ಬಿಟ್ಟೆ.

ಕೊನೆಗೆ ಎದೆ. ಮಗಳ ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ ಬಿಚ್ಚಿ ಎದೆಗೆ ಅಡ್ಡ ಹಾಕಿ, ಅದಕ್ಕೆ ಕ್ಯಾಮೆರಾ ಹೊಲಿದೆ. ನಡುಕವನ್ನೆಲ್ಲ ಮೈ ತಿಂದುಕೊಂಡುಬಿಟ್ಟಿತು! ಮೊದಲ ಸಲ ಬರೀ ಪೆಟ್ರೋಲ್ ಟ್ಯಾಂಕೇ ಬಂದಿತ್ತು, ಲೆನ್ಸನ್ನು ಸ್ವಲ್ಪ ಮೇಲಕ್ಕೆ ಎತ್ತಿದ ಮೇಲೆ ಸರಿಹೋಯಿತು. ಈಗ ಎರಡು ಕೈ ಕಾಣುತ್ತವೆ, ಮೀಟರಿನ ಮುಳ್ಳು ಕಾಣುತ್ತದೆ, ಅದರಾಚೆ ತಿರುವು. ನೀನೇ ಗಾಡಿ ಮೇಲೆ ಕೂತ ಹಾಗಿರುತ್ತದೆ.

ಶಬ್ದದ್ದು ಇನ್ನೊಂದು ಪಾಡು. ಮೊದಲು ಬಂದಿದ್ದು ಬರೀ ಗಾಳಿಯ ಭೋರ್ಗರೆತ. ಮೈಕ್ ರೆಕಾರ್ಡರಿನಲ್ಲೇ ಇರುವುದರಿಂದ ಅದಕ್ಕೆ ಸ್ಪಂಜ್ ಸುತ್ತಿ, ಜಾಕೆಟ್ಟಿನ ಒಳಜೇಬಿಗೆ ಹಾಕಿದೆ. ಈಗ ಎಂಜಿನ್ನಿನ ಡುಗ್ ಡುಗ್ ಚೆನ್ನಾಗಿ ಕೇಳುತ್ತದೆ. ನಿಧಾನಕ್ಕೆ ಹೋಗುವಾಗ ಜೀರುಂಡೆಗಳ ಸದ್ದೂ ಬಂದಿದೆ.

ನೀನೂ ಕೊಳ್ಳುವುದಿದ್ದರೆ ಒಂದೆರಡು ವಿಷಯ. ಒಂದೊಂದು ಫೈಲ್ ಮೂರು ನಿಮಿಷದ್ದಾಗಿರಲಿ. ಗಾಡಿ ಒಮ್ಮೆ ಗುಂಡಿಗೆ ಹಾರಿ ನನ್ನ ಪವರ್ ಬ್ಯಾಂಕ್ ವೈರು ಕಳಚಿತು. ಕೊನೆಯ ಫೈಲ್ ತೆರೆಯಲೇ ಇಲ್ಲ, ಹಿಂದಿನವೆಲ್ಲ ಉಳಿದವು. ರೆಕಾರ್ಡಿಂಗನ್ನು ಸೆಕೆಂಡಿಗೆ 16 ಮೆಗಾಬಿಟ್‌ಗೆ ಇಟ್ಟರೆ ಗಂಟೆಗೆ 7 ಜಿಬಿ ಚಿಲ್ಲರೆ ಆಗುತ್ತದೆ, 64 ಜಿಬಿ ಕಾರ್ಡ್ ಒಂದು ದಿನಕ್ಕೆ ಧಾರಾಳ ಸಾಕು.

ಈಗ ನಿನಗೆ ಹೇಳಲೇಬೇಕಾದ ಮಾತು. ಮೂರನೇ ಭಾನುವಾರ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕೂತಿದ್ದೆ. ದೋಸೆ ಬರುವಷ್ಟರಲ್ಲಿ ಕಾರ್ಡನ್ನು ಫೋನಿಗೆ ಹಾಕಿ, ಘಾಟಿ ಹತ್ತಿ ಬಂದಿದ್ದನ್ನು ನೋಡಿದೆ. ಒಂದು ಬಲ ತಿರುವು. ಮಂಜು. ನನ್ನ ಮುಂದಿನ ಚಕ್ರ ನಡುವಿನ ಗೆರೆ ದಾಟಿ ಆಚೆ ಬದಿಯಲ್ಲಿದೆ. ಎರಡು ತಿರುವು ಬಿಟ್ಟು ಮತ್ತೆ ಹಾಗೇ. ಅಲ್ಲೇ ಮಂಜಿನೊಳಗಿಂದ ಎರಡು ಹಳದಿ ಲೈಟು, ಆಮೇಲೆ ಕೆಂಪು ಬಸ್ಸಿನ ಮೂತಿ. ಅಷ್ಟರಲ್ಲಿ ನನ್ನ ಕೈ ಗಾಡಿಯನ್ನು ಎಡಕ್ಕೆ ಎಳೆದಿದೆ. ಓಡಿಸುವಾಗ ಇದು ನನಗೆ ದೊಡ್ಡದಾಗಿ ಕಂಡೇ ಇರಲಿಲ್ಲ ಕಣೋ. ಇಷ್ಟು ವರ್ಷದಿಂದ ಓಡಿಸುವ ರಸ್ತೆ, ಒಂದೊಂದು ತಿರುವೂ ಗೊತ್ತು ಅಂದುಕೊಂಡಿದ್ದೆ. ಗೊತ್ತಿರುವುದಕ್ಕೇ ತಿರುವನ್ನು ಕತ್ತರಿಸುತ್ತಿದ್ದೇನೆ. ದೋಸೆ ತಣ್ಣಗಾಯಿತು. ಆ ಮೂರು ನಿಮಿಷವನ್ನು ನಾಲ್ಕು ಸಲ ನೋಡಿದೆ.

ಅವತ್ತೇ ಮತ್ತೆ ಘಾಟಿ ಇಳಿದು ಹತ್ತಿದೆ. ಪ್ರತಿ ತಿರುವಿಗೂ ಮೊದಲೇ ಗೇರ್ ಇಳಿಸಿ, ಹಾರ್ನ್ ಹೊಡೆದು, ಎಡ ಬಿಡದೆ. ನಿನಗೆ ಕಳಿಸುತ್ತಿರುವುದು ಈ ಎರಡನೇ ಓಟದ್ದು. ಬಸ್ಸಿನ ತುಣುಕನ್ನೂ ಬೇರೆ ಹಾಕಿದ್ದೇನೆ. ರಜೆಗೆ ಬಂದಾಗ ನೀನೂ ಇದೇ ರಸ್ತೆಯಲ್ಲಿ ಗಾಡಿ ತೆಗೆಯುವವನು, ಅದನ್ನು ಮೊದಲು ನೋಡು.

ಕಾರ್ಡನ್ನು ನಿನ್ನ ತಮ್ಮನ ಕೈಗೆ ಕೊಟ್ಟಿದ್ದೇನೆ, ಮುಂದಿನ ವಾರ ಬರುತ್ತಾನಲ್ಲ. ಮಂಗಗಳು ಕಟ್ಟೆ ಮೇಲೆ ಸಾಲಾಗಿ ಕೂತಿರುವುದು ಶುರುವಿನಲ್ಲೇ ಇದೆ. ಅಣ್ಣಪ್ಪ ಸ್ವಾಮಿ ಗುಡಿ ಎದುರು ನೀನು ಯಾವಾಗಲೂ ನಿಲ್ಲಿಸುತ್ತಿದ್ದೆಯಲ್ಲ, ಹಾಗೇ ನಿಲ್ಲಿಸಿದ್ದೇನೆ. ಎಂಜಿನ್ ಆಫ್ ಮಾಡಿದ ಮೇಲೂ ರೆಕಾರ್ಡಿಂಗ್ ಹಾಗೇ ಬಿಟ್ಟಿದ್ದೆ. ಆ ಭಾಗ ಕತ್ತರಿಸಿಲ್ಲ.

ಇಂತಿ ನಿನ್ನ
ಮೂಡಿಗೆರೆಯ ಗೆಳೆಯ