ವರ್ಕ್‌ಶಾಪಿನ ಸೀಸ ಮನೆಗೆ ಬರದಿರಲಿ

ಎಲ್ಲರಿಗೂ ನಮಸ್ಕಾರ. ಬ್ಯಾಟರಿ, ರೇಡಿಯೇಟರ್ ರಿಪೇರಿ ಮಾಡುವವರು, ಬೆಸುಗೆ ಹಾಕುವವರು ಇದನ್ನು ಪೂರ್ತಿ ಓದಿ. ಮನೆಯವರಿಗೂ ಓದಿ ಹೇಳಿ.

ಸೀಸದ (ಲೆಡ್) ದೂಳಿಗೆ ವಾಸನೆ ಇಲ್ಲ. ಕೈಗೆ ಬಿದ್ದರೆ ಆ್ಯಸಿಡ್‌ನ ಹಾಗೆ ಉರಿಯುವುದೂ ಇಲ್ಲ. ಅದಕ್ಕೇ ನಾವು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಳೇ ಬ್ಯಾಟರಿ ಬಿಚ್ಚಿ ಪ್ಲೇಟ್ ತೆಗೆದಾಗ ಉದುರುವ ಪುಡಿ ನೋಡಿದ್ದೀರಿ ಅಲ್ವಾ? ಅದು ಉಗುರಿನ ಸಂದಿಯಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ಕೂತು ಮನೆಗೆ ಬರುತ್ತದೆ. ಬಾಗಿಲಲ್ಲೇ ಮಗು ಓಡಿ ಬಂದು ಕಾಲು ತಬ್ಬಿಕೊಳ್ಳುತ್ತದೆ. ಆಮೇಲೆ ಅದೇ ಕೈ ಬಾಯಿಗೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ 4-5 ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಪೆಟ್ಟು ಬೀಳುವುದು ಮಿದುಳಿಗೆ. ಗರ್ಭಿಣಿಯರಿದ್ದರೆ ಹೊಟ್ಟೆಯೊಳಗಿನ ಕೂಸಿಗೂ ತಲುಪುತ್ತದೆ.

ಹಾಗಾಗಿ ಕೆಲಸದ ಬಟ್ಟೆ, ಚಪ್ಪಲಿ ವರ್ಕ್‌ಶಾಪಿನಲ್ಲೇ ಬಿಡಿ. ಬಟ್ಟೆ ಕೊಡವಬೇಡಿ, ಬೇರೆಯಾಗಿಯೇ ಒಗೆಯಿರಿ. ಸೋಪು ಹಾಕಿ ಕೈ ತೊಳೆಯದೆ ಊಟ, ಸಿಗರೇಟು ಮುಟ್ಟಬೇಡಿ. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಗಿಗೆ ಕಟ್ಟುವ ಕರ್ಚೀಫು ಸುಮ್ನೆ ಸಮಾಧಾನಕ್ಕೆ ಅಷ್ಟೇ.

ಹೊಟ್ಟೆನೋವು, ಮಲಬದ್ಧತೆ, ಸುಸ್ತು ಬಿಡದೆ ಕಾಡುತ್ತಿದ್ದರೆ ಗ್ಯಾಸ್ ಅಂತ ಸುಮ್ಮನಾಗಬೇಡಿ. ನೀವು ಮಾಡುವ ಕೆಲಸ ಏನು ಅಂತ ಡಾಕ್ಟರಿಗೆ ಹೇಳಿ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡುವ ಪರೀಕ್ಷೆ ಕೇಳಿ, ಮಕ್ಕಳಿಗೂ ಮಾಡಿಸಿ. ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಇದ್ದರೂ ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರದಿ ಬಂದರೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ.