ಮಾತು ಕಡಿಮೆ ಇರುವವರಿಗೆ ಯಾವ ಊರು?

ಮಾನ್ಯರೇ,

ಡಿಗ್ರಿ ಮುಗಿಸಿ ಯಾವ ಊರಿಗೆ ಹೋಗಲಿ ಅಂತ ಕೇಳಿದರೆ ಎಲ್ಲರೂ ಸಂಬಳ, ಬಾಡಿಗೆ ಲೆಕ್ಕ ಹೇಳುತ್ತಾರೆ. ಸ್ವಭಾವದ ಮಾತು ಬಂದರೆ, ‘ನೀನು ಮಾತೇ ಆಡಲ್ಲ, ಬೆಂಗಳೂರು ನಿನಗೆ ಆಗಲ್ಲ, ಮೈಸೂರಿಗೆ ಹೋಗು’ ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ.

ಮೈಸೂರು ಚೆಂದವೇ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಬ್ಬರೇ ನಡೆಯುವ ಸುಖ ಬೆಂಗಳೂರಲ್ಲಿ ಸಿಗುವುದು ಕಷ್ಟ. ಆದರೆ ಚಿಕ್ಕ ಊರುಗಳಲ್ಲಿ ಬಾಡಿಗೆ ಮನೆ ನೋಡಲು ಹೋಗಿ, ಯಾವ ಊರು, ಯಾರ ಪೈಕಿ, ಅಪ್ಪ ಏನು ಮಾಡ್ತಾರೆ, ಮದುವೆ ಯಾವಾಗ ಅಂತ ಗೇಟಿನಲ್ಲೇ ಶುರುವಾಗುತ್ತದೆ. ಪ್ರೀತಿಯಿಂದಲೇ ಕೇಳುತ್ತಾರೆ ಬಿಡಿ, ಆದರೂ ಸುಸ್ತಾಗುತ್ತದೆ ಅಲ್ವಾ? ಬೆಂಗಳೂರಲ್ಲಿ ಪಕ್ಕದ ಮನೆಯವರಿಗೆ ನಿಮ್ಮ ಹೆಸರೂ ಗೊತ್ತಿರಲ್ಲ. ಕೆಲವರಿಗೆ ಅದೇ ನೆಮ್ಮದಿ. ಮೆಟ್ರೊ ಹತ್ತಿದರೆ ಆಟೊದವರ ಜೊತೆ ಚೌಕಾಸಿ ಇಲ್ಲ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಶೇಷಾದ್ರಿ ಅಯ್ಯರ್ ಗ್ರಂಥಾಲಯದಲ್ಲಿ ಸುಮ್ನೆ ಕೂತರೆ ಯಾರೂ ಯಾಕೆ ಅನ್ನಲ್ಲ.

ಬೆಂಗಳೂರಿನ ನಿಜವಾದ ತೊಂದರೆ ಪಿಜಿ. ಮೂರು ಮಂಚದ ರೂಮಲ್ಲಿ ಒಬ್ಬರ ಫೋನ್, ಇನ್ನೊಬ್ಬರ ರೀಲ್ಸ್, ರಾತ್ರಿ ಹನ್ನೊಂದಾದರೂ ಲೈಟು. ಸ್ವಲ್ಪ ಜಾಸ್ತಿ ಕೊಟ್ಟಾದರೂ, ಆಫೀಸಿಗೆ ಹತ್ತಿರದಲ್ಲಿ ಒಂಟಿ ರೂಮು ಹಿಡಿಯಿರಿ. ಅದಕ್ಕೂ ಸಂಬಳ ಸಾಲದಿದ್ದರೆ ಮೈಸೂರೇ ವಾಸಿ.

ನಿಮ್ಮ ಉದ್ಯೋಗ ಪುಟದಲ್ಲಿ ಕೋರ್ಸು, ಸಂದರ್ಶನದ ಜೊತೆಗೆ ಇಂಥ ವಿಷಯಕ್ಕೂ ಒಂದಿಷ್ಟು ಜಾಗ ಕೊಡಿ.

– ಓದುಗ, ಶಿವಮೊಗ್ಗ