ಮಗಳಿಗೊಂದು ಪತ್ರ: ತಾತನ ಪುಸ್ತಕದ ಮೂರನೇ ಕಾಲಂ

ಮಂಡ್ಯ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿತ್ತು, ನಿಮ್ಮಪ್ಪ ಊಟಕ್ಕೆ ಕೂತಿದ್ದರು. "ಅಮ್ಮಾ, ಈ ಷೇರು ಒಂದು ಕಾಲಕ್ಕೆ 400 ರೂಪಾಯಿ ಇತ್ತು, ಈಗ 20ಕ್ಕೆ ಸಿಗ್ತಿದೆ. ಹಳೇ ಬೆಲೆಯ ಕಾಲುಭಾಗಕ್ಕೆ ಬಂದರೂ ಐದು ಪಟ್ಟು ಅಲ್ವಾ?" ಅಂದೆ. ಲೆಕ್ಕ ಸರಿಯಿದೆ. ಆದರೆ ಅದು ವಾಪಸ್ ಬಂದೇ ಬರುತ್ತದೆ ಅಂತ ಯಾರು ಹೇಳಿದರು? ರಾತ್ರಿಯೆಲ್ಲ ಅದೇ ಯೋಚನೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗ್ಗೆ ಎದ್ದವಳೇ ಅಟ್ಟದಿಂದ ತಾತನ ಪುಸ್ತಕ ಇಳಿಸಿದೆ. ಚಿಕ್ಕವಳಿದ್ದಾಗ ಅದರ ಕೊನೆಯ ಪುಟಗಳಲ್ಲಿ ನೀನು ಬರೆದ ಚಿತ್ರಗಳು ಇನ್ನೂ ಇವೆ. ತಾತ ಆಲೆಮನೆ ನಡೆಸುತ್ತಿದ್ದಾಗ ಬೆಲ್ಲದ ಮಾರುಕಟ್ಟೆಗೆ ಹೋದ ದಿನವೆಲ್ಲ ಬೆಲೆ ಬರೆದಿಟ್ಟಿದ್ದಾರೆ. ಅಚ್ಚು ಬೆಲ್ಲಕ್ಕೆ ಒಂದು ಕಾಲಂ, ಕುರಿಕಾಲಚ್ಚು ಅನ್ನುವ ಬೆಲ್ಲಕ್ಕೆ ಒಂದು. ಮೂರನೇ ಕಾಲಂನಲ್ಲಿ ಒಂದೊಂದು ಸಣ್ಣ ಮಾತು. "ಮಳೆ, ಗಾಡಿ ಬರಲಿಲ್ಲ." "ಆವಕ ಜಾಸ್ತಿ." "ಹಬ್ಬ ಹತ್ತಿರ." ಒಂದು ಕಡೆ "ಕಾರಣ ತಿಳಿಯದು, ಎರಡು ದಿನ ತಡೆ" ಅಂತಿದೆ. ಆ ಮೂರನೇ ಕಾಲಂ ಇಲ್ಲದಿದ್ದರೆ ಅದು ಬರೀ ಅಂಕಿಗಳ ಪುಸ್ತಕ.

ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ಓದಿ ನಾನು ಬೆರಗಾಗಿದ್ದೆ. ಮೊದಲ ಪುಟಗಳಲ್ಲಿ ಬೆಲೆ ತೀರಾ ಕಡಿಮೆ. ಒಂದು ಪುಟ ತಿರುಗಿಸಿದರೆ ಒಮ್ಮೆಗೇ ಹಲವು ಪಟ್ಟು. "ಆ ವರ್ಷ ಬೆಲ್ಲಕ್ಕೆ ಅಷ್ಟೊಂದು ಬೆಲೆ ಬಂತಾ ಮಾವ?" ಅಂತ ಕೇಳಿದೆ. "ಇಲ್ಲ ಕಣಮ್ಮ, ಅಲ್ಲೀಗಂಟ ಮಣದ ಲೆಕ್ಕ, ಅಲ್ಲಿಂದ ಈಚೆಗೆ ಕ್ವಿಂಟಾಲ್ ಲೆಕ್ಕ" ಅಂದರು. ಬೆಲ್ಲದ ಬೆಲೆ ಏರಿರಲಿಲ್ಲ. ಅಳತೆ ಬದಲಾಗಿತ್ತು.

ಷೇರಿನ ಹಳೇ ಬೆಲೆ ಕಂಡಾಗ ನೀನು ಮೊದಲು ಕೇಳಬೇಕಾದ್ದು ಇದನ್ನೇ. ಆಗಿನ ಒಂದು ಷೇರು, ಈಗಿನ ಒಂದು ಷೇರು ಒಂದೇನಾ?

ಮೈಸೂರಿನ ಹೆಬ್ಬಾಳದಲ್ಲಿ ನಿನ್ನ ಗೆಳತಿಯರು ಟ್ರೈನಿಂಗ್‌ಗೆ ಹೋದ ಇನ್ಫೋಸಿಸ್‌ನನ್ನೇ ತಗೋ. 1993ರಲ್ಲಿ ಅದು ಜನರಿಗೆ ಷೇರು ಕೊಟ್ಟ ಬೆಲೆ 95 ರೂಪಾಯಿ. ಆಗ ಪೂರ್ತಿ ಅರ್ಜಿಯೂ ಬಂದಿರಲಿಲ್ಲ. ಆಮೇಲೆ 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್, ಅಂದರೆ ಇದ್ದ ಒಂದೊಂದು ಷೇರಿಗೂ ಇನ್ನೊಂದು ಬಿಟ್ಟಿಯಾಗಿ. 2000ದಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 5 ರೂಪಾಯಿಯ ಎರಡಾಗಿ ಒಡೆದರು, ಇದಕ್ಕೆ ಸ್ಪ್ಲಿಟ್ ಅನ್ನುತ್ತಾರೆ. 2004ರಲ್ಲಿ ಒಂದಕ್ಕೆ ಮೂರು ಬೋನಸ್. ಮತ್ತೆ 2006, 2014, 2015, 2018ರಲ್ಲಿ ಒಂದಕ್ಕೊಂದು. ಪೆನ್ನು ತಗೊಂಡು ಗುಣಿಸುತ್ತಾ ಹೋಗು. 1993ರ ಒಂದು ಷೇರು 2018ರ ಹೊತ್ತಿಗೆ 1,024 ಆಗಿದೆ. 95 ರೂಪಾಯಿಯನ್ನು 1,024ರಿಂದ ಭಾಗಿಸಿದರೆ ಒಂಬತ್ತು ಪೈಸೆ ಚಿಲ್ಲರೆ. ಅದಕ್ಕೇ ಅಷ್ಟು ಹಿಂದಕ್ಕೆ ಹೋಗುವ ಚಾರ್ಟ್ ತೆಗೆದರೆ 95 ಅನ್ನುವ ಅಂಕಿ ಎಲ್ಲೂ ಕಾಣುವುದಿಲ್ಲ. ಚಾರ್ಟ್ ಸುಳ್ಳು ಹೇಳುತ್ತಿಲ್ಲ. ಹಳೇ ಮಣವನ್ನು ಇವತ್ತಿನ ಕ್ವಿಂಟಾಲ್‌ಗೆ ಬದಲಾಯಿಸಿ ತೋರಿಸುತ್ತಿದೆ, ಅಷ್ಟೇ. (ಅವತ್ತು ಅದರ ಜೊತೆಗೇ ಮಾರುಕಟ್ಟೆಗೆ ಬಂದು ಆಮೇಲೆ ಹೆಸರೇ ಇಲ್ಲದಂತಾದ ಕಂಪನಿಗಳ ಚಾರ್ಟನ್ನು ಯಾರೂ ನಿನಗೆ ತೋರಿಸುವುದಿಲ್ಲ. ಅದೂ ನೆನಪಿರಲಿ.)

ಷೇರು ವ್ಯಾಪಾರ ನಡೆಯುವ ಎಕ್ಸ್‌ಚೇಂಜ್‌ಗಳಾದ ಎನ್‌ಎಸ್‌ಇ, ಬಿಎಸ್‌ಇ ದಿನಾ ಸಂಜೆ ಹೊರಡಿಸುವ ಪಟ್ಟಿಗೆ ಭಾವ್‌ಕಾಪಿ ಅನ್ನುತ್ತಾರೆ. ಅದರಲ್ಲಿ ಇರುವುದು ಆ ದಿನ ನಿಜವಾಗಿ ವ್ಯಾಪಾರವಾದ ಬೆಲೆ. ಶುರುವಿನದು, ಆ ದಿನದ ಅತಿ ಹೆಚ್ಚು, ಅತಿ ಕಡಿಮೆ, ಮುಕ್ತಾಯದ್ದು, ಜೊತೆಗೆ ಎಷ್ಟು ಷೇರು ಕೈ ಬದಲಾಯಿತು ಅನ್ನುವುದು. ಆ್ಯಪ್‌ನ ಚಾರ್ಟ್‌ಗಳು ಸಾಮಾನ್ಯವಾಗಿ ಬೋನಸ್, ಸ್ಪ್ಲಿಟ್‌ಗೆ ಸರಿಹೊಂದಿಸಿದ ಬೆಲೆ ತೋರಿಸುತ್ತವೆ. ಕೆಲವು ಕಡೆ ಡಿವಿಡೆಂಡನ್ನೂ (ಕಂಪನಿ ಹಂಚುವ ಲಾಭದ ಪಾಲನ್ನೂ) ಕಳೆದಿರುತ್ತಾರೆ. ಎರಡೂ ಬೇಕು, ಆದರೆ ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬೇಡ. ಕಂಪನಿ ಎರಡಾಗಿ ಒಡೆದಾಗಲೂ ಹೀಗೇ. 2023ರ ಜುಲೈನಲ್ಲಿ ರಿಲಯನ್ಸ್‌ನಿಂದ ಜಿಯೋ ಫೈನಾನ್ಶಿಯಲ್ ಬೇರೆಯಾದಾಗ ರಿಲಯನ್ಸ್ ಷೇರು ಒಂದೇ ಬೆಳಗ್ಗೆ ಸುಮಾರು 260 ರೂಪಾಯಿ ಇಳಿಯಿತು. ಅದು ನಷ್ಟವಲ್ಲ. ಅಷ್ಟು ಬೆಲೆಯ ಜಿಯೋ ಷೇರು ಅದೇ ಜನರಿಗೆ ಸಿಕ್ಕಿತು.

ಈ ಅಳತೆಯ ವಿಷಯ ನಮ್ಮ ಮನೆಯಲ್ಲೇ ಒಮ್ಮೆ ಕೆಲಸಕ್ಕೆ ಬಂತು. ನಿನ್ನ ಕಾಲೇಜು ಫೀಸಿಗೆ ಅಂತ 2021ರಲ್ಲಿ ನಿಮ್ಮಪ್ಪನ ಹೆಸರಿನಲ್ಲಿದ್ದ ಇನ್ಫೋಸಿಸ್ ಷೇರು ಮಾರಿದೆವು. 2018ರ ಜನವರಿ 31ಕ್ಕೆ ಮುಂಚೆ ಕೊಂಡ ಷೇರು ಮಾರಿದರೆ ತೆರಿಗೆಗೆ ಆ ದಿನದ ಬೆಲೆ ಬೇಕು. ಅಲ್ಲಿಯವರೆಗಿನ ಲಾಭಕ್ಕೆ ತೆರಿಗೆ ಬೇಡ ಅಂತ ಸರ್ಕಾರ ಬಿಟ್ಟಿದ್ದರಿಂದ, ಆ ದಿನದ ಅತಿ ಹೆಚ್ಚಿನ ಬೆಲೆಯನ್ನು ನಾವು ಕೊಂಡ ಬೆಲೆ ಅಂತ ಹಿಡಿಯಬಹುದು. ಮಾರಿದ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಲೆಕ್ಕ ಬೇರೆ. ನಾನು ಚಾರ್ಟ್ ನೋಡಿ ಬರೆದುಕೊಂಡೆ. ಎನ್‌ಎಸ್‌ಇ ಪಟ್ಟಿಯ ಜೊತೆ ತಾಳೆ ನೋಡಿದರೆ ನನ್ನ ಅಂಕಿ ಅರ್ಧವೇ ಇತ್ತು! 2018ರ ಸೆಪ್ಟೆಂಬರ್‌ನ ಬೋನಸ್‌ನಿಂದಾಗಿ ಚಾರ್ಟ್ ಹಳೇ ಬೆಲೆಯನ್ನು ಅರ್ಧ ಮಾಡಿತ್ತು. ತೆರಿಗೆಯ ಲೆಕ್ಕದಲ್ಲಿ ಹಾಗಿಲ್ಲ. ಜನವರಿಗೆ ಮುಂಚೆಯೇ ಇದ್ದ ಷೇರಿಗೆ ಆ ದಿನ ನಿಜವಾಗಿ ನಡೆದ ಪೂರ್ತಿ ಬೆಲೆ. ಸೆಪ್ಟೆಂಬರ್‌ನಲ್ಲಿ ಬಂದ ಬೋನಸ್ ಷೇರಿಗೆ ಕೊಂಡ ಬೆಲೆ ಸೊನ್ನೆ. ಮುಂದೊಂದು ದಿನ ಆ ಷೇರುಗಳಲ್ಲಿ ಉಳಿದವು ನಿನ್ನ ಕೈಗೆ ಬರುತ್ತವೆ. ಆಗ ಈ ಕಾಗದ ತೆಗೆದು ನೋಡು.

ಈಗ ನಿನ್ನ 400ರ ಷೇರಿಗೆ ಬರೋಣ. ಬೋನಸ್ಸೂ ಇಲ್ಲ, ಸ್ಪ್ಲಿಟ್ಟೂ ಇಲ್ಲ, ನಿಜವಾಗಿಯೇ ಬಿದ್ದಿದೆ ಅಂದುಕೋ. ಅದು 400ರಿಂದ 20ಕ್ಕೆ ಬಿದ್ದದ್ದು ಹೇಗೆ? ಮೊದಲು 40ಕ್ಕೆ ಬಿತ್ತು. ಆಗಲೇ ಶೇಕಡಾ 90 ಹೋಗಿತ್ತು. ಅಲ್ಲಿ ಯಾರೋ ನಿನ್ನ ಹಾಗೇ "ಇನ್ನೆಷ್ಟು ಬೀಳುತ್ತೆ" ಅಂತ ಕೊಂಡರು. ಅದು 20ಕ್ಕೆ ಬಂದಾಗ ಅವರ ದುಡ್ಡು ಅರ್ಧ ಹೋಯಿತು. ನೀನು 20ಕ್ಕೆ ಕೊಂಡು ಅದು 10 ಆದರೆ ನಿನ್ನದೂ ಅರ್ಧವೇ ಹೋಗುತ್ತದೆ. 400ರಲ್ಲಿ ಇದ್ದದ್ದು ಬೇರೆಯವರ ದುಡ್ಡು, ಪುಟ್ಟಿ. ನಿನ್ನ ದುಡ್ಡಿನ ಲೆಕ್ಕ ಶುರುವಾಗುವುದು 20ರಿಂದ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೇಲಿನ ರೂಮು ಯಾಕಮ್ಮ ಅಷ್ಟು ತಡವಾಗಿ ಕಟ್ಟಿದಿರಿ ಅಂತ ಒಮ್ಮೆ ಕೇಳಿದ್ದೆ, ನೆನಪಿದೆಯಾ? ಆ ರೂಮಿಗೆ ಅಂತಲೇ ಚೀಟಿ ಹಾಕಿ 72,000 ಕೂಡಿಸಿದ್ದೆ. 300ರ ಮೇಲಿದ್ದ ಒಂದು ಷೇರು 60ಕ್ಕೆ ಬಂದಿತ್ತು. 600 ಷೇರು ತಗೊಂಡೆ. ಅದು 36ಕ್ಕೆ ಇಳಿಯಿತು. ಸರಾಸರಿ ಕಡಿಮೆಯಾಗಲಿ ಅಂತ ಉಳಿದ ದುಡ್ಡಿಗೆ ಇನ್ನೂ 1,000 ತಗೊಂಡೆ. 45ರ ಸರಾಸರಿ ಬಂತು ಅಂತ ಅವತ್ತು ಸಮಾಧಾನವೂ ಆಗಿತ್ತು. ಷೇರು 11ಕ್ಕೆ ಹೋಯಿತು, ಆಮೇಲೆ ವ್ಯಾಪಾರವೇ ನಿಂತಿತು. ಷೇರು ಇಡುವ ಡಿಮ್ಯಾಟ್ ಖಾತೆಯಲ್ಲಿ ಆ 1,600 ಷೇರು ಇವತ್ತಿಗೂ ಕೂತಿವೆ, ಕೊಳ್ಳುವವರಿಲ್ಲ. ಸೊಸೈಟಿಯಲ್ಲಿ ಇನ್ನೊಬ್ಬರ ಲೆಕ್ಕವನ್ನು ಪೈಸೆ ಪೈಸೆ ನೋಡುತ್ತಿದ್ದವಳು, ಆ ಕಂಪನಿಯ ಸಾಲ ಎಷ್ಟು ಅಂತ ನೋಡಿರಲಿಲ್ಲ. ಮಾಲೀಕರು ತಮ್ಮ ಷೇರುಗಳನ್ನೇ ಅಡವಿಟ್ಟಿದ್ದು ಎಕ್ಸ್‌ಚೇಂಜ್‌ನ ತಾಣದಲ್ಲಿ ಮೂರು ತಿಂಗಳಿಗೊಮ್ಮೆ ಬರುತ್ತಲೇ ಇತ್ತು. ಅದನ್ನೂ ನೋಡಿರಲಿಲ್ಲ. ನೋಡಿದ್ದು 300 ಅನ್ನುವ ಒಂದು ಅಂಕಿ.

ನಿಮ್ಮಪ್ಪ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ನೋವಾದದ್ದು.

ಆಮೇಲೆ ಹಳೇ ಬೆಲೆ ನೋಡುವುದನ್ನು ಬಿಡಲಿಲ್ಲ, ನೋಡುವ ರೀತಿ ಬದಲಾಯಿಸಿಕೊಂಡೆ. ಷೇರು ಬಿದ್ದ ದಿನ ಸಿಕ್ಕಿದರೆ, ಅದೇ ದಿನ ದೊಡ್ಡ ಕಂಪನಿಗಳ ಬೆಲೆಯ ಸೂಚ್ಯಂಕವಾದ ಸೆನ್ಸೆಕ್ಸ್ ಏನಾಗಿತ್ತು ಅಂತ ಪಕ್ಕದಲ್ಲಿ ಬರೆಯುತ್ತೇನೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 3,935 ಅಂಶ ಬಿತ್ತು, ಒಂದೇ ದಿನಕ್ಕೆ ಶೇಕಡಾ 13. ಅವತ್ತು ಒಳ್ಳೆಯ ಕಂಪನಿ, ಕೆಟ್ಟ ಕಂಪನಿ ಎಲ್ಲವೂ ಬಿದ್ದವು. ಮುಂದಿನ ಜನವರಿಗೆ ಸೆನ್ಸೆಕ್ಸ್ 50,000 ಮುಟ್ಟಿತು. ಆದರೆ 2009ರ ಜನವರಿ 7ರಂದು ಸತ್ಯಂ ಅನ್ನುವ ಸಾಫ್ಟ್‌ವೇರ್ ಕಂಪನಿಯ ಷೇರು 179ರಿಂದ ಸುಮಾರು 40ಕ್ಕೆ ಬಿದ್ದದ್ದು ಬೇರೆ ಜಾತಿಯ ಬೀಳು. ಲೆಕ್ಕಪತ್ರವೇ ಸುಳ್ಳು ಅಂತ ಅದರ ಅಧ್ಯಕ್ಷರೇ ಅವತ್ತು ಒಪ್ಪಿಕೊಂಡರು. ಚಾರ್ಟ್‌ನಲ್ಲಿ ಎರಡೂ ಕೆಳಗೆ ಹೋಗುವ ಗೆರೆಗಳೇ. ಕಾರಣ ಬರೆದಾಗ ಮಾತ್ರ ಬೇರೆ ಬೇರೆ ಅಂತ ಗೊತ್ತಾಗುವುದು.

ಇನ್ನೊಂದು ಉಪಯೋಗ ಇದೆ. ಒಂದು ಷೇರು ಕೆಟ್ಟ ವರ್ಷಗಳಲ್ಲಿ ಎಷ್ಟು ಬಿದ್ದಿತ್ತು ಅಂತ ನೋಡಿ, ಅಷ್ಟು ಬಿದ್ದರೆ ನನಗೆ ನಿದ್ದೆ ಬರುತ್ತದಾ ಅಂತ ಕೇಳಿಕೊಳ್ಳಬಹುದು. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸೇ 2009ರ ಮಾರ್ಚ್‌ಗೆ 8,200ರ ಆಸುಪಾಸಿಗೆ ಬಂದಿತ್ತು. ನಿನ್ನ ಸಂಬಳದ ಎಷ್ಟು ಪಾಲು ಷೇರಿಗೆ ಹಾಕಬೇಕು ಅನ್ನುವುದನ್ನು ಆ ಅಂಕಿ ನೋಡಿ ತೀರ್ಮಾನಿಸು. ಆಫೀಸಿನಲ್ಲಿ ಪಕ್ಕದವರು ಎಷ್ಟು ಹಾಕಿದ್ದಾರೆ ಅಂತ ನೋಡಿ ಅಲ್ಲ.

ನಾನು ಬೇಡ ಅಂತ ಹೇಳುತ್ತಿಲ್ಲ. ನಿನ್ನ ದುಡ್ಡು, ನಿನ್ನ ತೀರ್ಮಾನ. ಒಂದೇ ಒಂದು ಕೆಲಸ ಮಾಡು. ಆ ಕಂಪನಿಯ ಹತ್ತು ವರ್ಷದ ಬೆಲೆ ತೆಗೆದು, ಜಾಸ್ತಿ ಬಿದ್ದ ಐದು ದಿನ ಗುರುತು ಹಾಕು. ಪ್ರತಿಯೊಂದರ ಮುಂದೆ ಕಾರಣ ಬರಿ. ವಾರ್ಷಿಕ ವರದಿ ನೋಡು, ಸಾಲ ನೋಡು, ಅಡವು ನೋಡು. ಕಾರಣ ಸಿಗದ ಕಡೆ ತಾತನ ಹಾಗೆ "ತಿಳಿಯದು" ಅಂತಲೇ ಬರಿ.

ಬರುವ ಶನಿವಾರ ಚಾಮುಂಡಿ ಎಕ್ಸ್‌ಪ್ರೆಸ್‌ಗೆ ಬರುತ್ತೀಯಲ್ಲ, ಆ ಹಾಳೆ ತಗೊಂಡು ಬಾ. ತಾತನ ಪುಸ್ತಕ ಒರೆಸಿ ಮೇಜಿನ ಮೇಲೆ ಇಟ್ಟಿದ್ದೇನೆ. ಅಲ್ಲಿವರೆಗೆ 20ರ ಷೇರು ಕೊಳ್ಳಬೇಡ. ಒಬ್ಬಟ್ಟಿಗೆ ಬೇಳೆ ನೆನೆಹಾಕಿರುತ್ತೇನೆ.

ನಿನ್ನ
ಅಮ್ಮ